ಆ ದಿನ ಯಾರೂ ಏಣಿ ಹತ್ತಿರಲಿಲ್ಲ

ಯಲ್ಲಾಪುರದ ಹೆದ್ದಾರಿ ಬದಿಯ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಸೀರೆ ತೋರಿಸಿದೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಸಾಹುಕಾರರು ಈಗ ಇಲ್ಲ, ಅಂಗಡಿಯೂ ಇಲ್ಲ, ಆ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ನಾನು ಓದಿದ್ದು ಇಡಗುಂದಿಯ ಶಾಲೆಯಲ್ಲಿ ಐದನೇ ಇಯತ್ತೆಯವರೆಗೆ. ಅಕ್ಷರ ತಪ್ಪಿದರೆ ಮೊಮ್ಮಗಳು ರಕ್ಷಿತಾ ತಿದ್ದುತ್ತಾಳೆ. ವಿಷಯ ಮಾತ್ರ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ಈಚೆಗೆ ನಮ್ಮೂರಲ್ಲಿ ದೊಡ್ಡದೊಂದು ಬಟ್ಟೆ ಅಂಗಡಿ ತೆರೆಯಿತು. ಗಾಜಿನ ಬಾಗಿಲು, ಎರಡು ಮಾಳಿಗೆ, ಮೂಲೆ ಮೂಲೆಗೆ ಕ್ಯಾಮೆರಾ. ರಕ್ಷಿತಾ ಮತ್ತು ನಮ್ಮ ಓಣಿಯ ಇನ್ನಿಬ್ಬರು ಹುಡುಗಿಯರು ಅಲ್ಲಿ ಕೆಲಸಕ್ಕೆ ಸೇರಿದ್ದಾರೆ. ಸೇರುವ ಮುಂಚಿನ ದಿನ ಮೂವರೂ ಬಂದು ನನ್ನೆದುರು ಕುಳಿತರು, ಇಷ್ಟು ವರ್ಷ ಮಾಡಿದವಳು ನೀನು, ಏನಾದರೂ ಹೇಳು ಎಂದರು. ನಾನೂ ಹೆಮ್ಮೆಯಿಂದ ಹೇಳಿದೆ. ಮದುವೆ ಜವಳಿಗೆ ಬಂದವರಲ್ಲಿ ಮದುಮಗಳ ಮುಖ ನೋಡಬೇಡಿ, ಅವಳ ಅತ್ತೆಯಾಗುವವಳ ಮುಖ ನೋಡಿ. ಬೇಡ ಎನ್ನುವವಳು ಅವಳು. ಮೊದಲೇ ಒಳ್ಳೆಯ ಸೀರೆ ತೆಗೆಯಬೇಡಿ, ಆರನೆಯದಕ್ಕೆ ತೆಗೆಯಿರಿ. ಬಿಚ್ಚಿದ ಸೀರೆಯನ್ನು ಗಿರಾಕಿಯ ಕಣ್ಣೆದುರು ಮಡಚಬೇಡಿ, ಎದ್ದು ಹೋಗಿ ಎಂದಂತಾಗುತ್ತದೆ. ಹುಡುಗಿಯರು ನಕ್ಕರು. ಆಮೇಲೆ ರಕ್ಷಿತಾ ಕೇಳಿದಳು:

"ಅಜ್ಜಿ, ಗಿರಾಕಿ ಕೈ ಮಾಡಿದ್ರೆ ಎಂತ ಮಾಡೂದು?"

"ಹಂಗೆಲ್ಲ ಆಗೂದಿಲ್ಲ" ಎಂದೆ.

ಅದು ಸುಳ್ಳು. ಅವರು ಎದ್ದು ಹೋದ ಮೇಲೆ ನನಗೆ ನನ್ನ ಬಾಯಿಯ ಮೇಲೇ ಹೇಸಿಗೆಯಾಯಿತು. ಇದೇ ಸುಳ್ಳನ್ನು ನಾನು ಹಿಂದೆ ಒಮ್ಮೆ ಹೇಳಿದ್ದೆ, ಅದರಿಂದ ನೇತ್ರಾ ಎಂಬ ಹುಡುಗಿಯ ಒಂದು ಕಿವಿ ಹೋಯಿತು. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ಅಲ್ಲಿಗೆ ಬರುವ ಮೊದಲು ಅಂಗಡಿ ಹೇಗಿತ್ತು, ನಾನು ಹೇಗಾದೆ ಎಂಬುದು ಗೊತ್ತಾಗಬೇಕು.

ಗಂಡ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗಳನ್ನು ತಾಯಿಯ ಹತ್ತಿರ ಬಿಟ್ಟು ನಾನು ಅಂಗಡಿಗೆ ಹೋದೆ. ಉದ್ದನೆಯ ಅಂಗಡಿ. ಒಂದು ಬದಿಗೆ ಗಾದಿ, ಅದರ ಮೇಲೆ ಬಿಳಿ ಬಟ್ಟೆ. ಗಿರಾಕಿಗಳು ಅಲ್ಲಿ ಕಾಲು ಮಡಚಿ ಕುಳಿತು ಸೀರೆ ನೋಡುತ್ತಿದ್ದರು. ಇನ್ನೊಂದು ಬದಿಗೆ ಮರದ ಕೌಂಟರು, ಅದರ ಹಿಂದೆ ಮಾಡಿನವರೆಗೂ ಕಪಾಟು. ಮೇಲಿನದನ್ನು ತೆಗೆಯಲು ಒಂದು ಮರದ ಏಣಿ. ಗಾದಿಯ ಬದಿಯ ಗೋಡೆಯ ಒಳತುದಿಗೆ ಆಳೆತ್ತರದ ಕನ್ನಡಿ, ಅದಕ್ಕೆ ತಾಗಿದ ಒಳಗೋಡೆಗೆ ಪರದೆ, ಪರದೆಯ ಹಿಂದೆ ಗೋದಾಮು. ಗಿರಾಕಿಗಳಿಗೆ ಕೂರಲು ಗಾದಿ ಇತ್ತು, ಸಾಹುಕಾರರಿಗೆ ಕುರ್ಚಿ ಇತ್ತು. ನಮಗೆ ಏನೂ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಿಂತರೆ ಊಟದ ಅರ್ಧ ಗಂಟೆ ಬಿಟ್ಟು ಸಂಜೆ ಬಾಗಿಲು ಎಳೆಯುವ ತನಕ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ, ವ್ಯಾಪಾರವಿಲ್ಲದೆ ಕುಳಿತ ಅಂಗಡಿ ಎನಿಸಿಕೊಳ್ಳುತ್ತದೆ ಎನ್ನುತ್ತಿದ್ದರು. ಐದಾರು ವರ್ಷದಲ್ಲಿ ಮೀನಖಂಡದ ನರಗಳು ಹಗ್ಗದಂತೆ ಎದ್ದವು. ಈಗಲೂ ಹಾಗೇ ಇವೆ.

ಒಮ್ಮೆ ಚಂದಗುಳಿ ಕಡೆಯ ಒಬ್ಬ ಹೆಗಡೇರ ಮನೆಯ ಅಮ್ಮ ಬಂದಿದ್ದರು. ವಯಸ್ಸಾದವರು. ನನ್ನ ಕಾಲನ್ನೇ ನೋಡುತ್ತಿದ್ದರು. "ತಂಗಿ, ನೀ ಕೂತ್ಕಂಡೇ ತೋರ್ಸು. ಎಂಗೆಂತ ಗಡಿಬಿಡಿ ಇಲ್ಲೆ" ಎಂದು ಗಾದಿಯಲ್ಲಿ ಜಾಗ ಮಾಡಿಕೊಟ್ಟರು. ಕುಳಿತೆ. ಸಾಹುಕಾರರು ಅವರೆದುರು ಏನೂ ಹೇಳಲಿಲ್ಲ. ಅವರು ಹೋದ ಮೇಲೆ ಒಂದು ವಾರ ನನ್ನನ್ನು ಗೋದಾಮಿನಲ್ಲಿ ಬಟ್ಟೆ ಸುತ್ತಿದ ಥಾನು ಎತ್ತಿಡುವ ಕೆಲಸಕ್ಕೆ ಹಾಕಿದರು. ಒಂದೊಂದು ಥಾನು ಮಗುವಿನಷ್ಟು ಭಾರ. ಅಲ್ಲಿಂದ ಮುಂದೆ ನಾನು ಯಾರು ಹೇಳಿದರೂ ಕುಳಿತಿಲ್ಲ. ಹೊಸಬರು ಕುಳಿತರೆ ಎಬ್ಬಿಸುವವಳೂ ನಾನೇ ಆದೆ.

ಇನ್ನು ಏಣಿ. ಮೇಲಿನಿಂದ ಮೂರನೆಯ ಮೆಟ್ಟಿಲು ಸಡಿಲವಾಗಿತ್ತು, ಸುತಳಿ ಸುತ್ತಿದ್ದರು. ಬದಲಾಯಿಸಿ ಎಂದು ಮೂರು ಸಲ ಹೇಳಿದ್ದೆ. ದೀಪಾವಳಿಯ ಗದ್ದಲದಲ್ಲಿ ಒಂದು ಮಧ್ಯಾಹ್ನ, ಕೈಯಲ್ಲಿ ಎಂಟು ಪಂಚೆಯ ಕಟ್ಟು ಹಿಡಿದು ಇಳಿಯುವಾಗ ಸುತಳಿ ಬಿಚ್ಚಿತು. ಪಂಚೆ ಹಾಳಾಗಬಾರದು ಎಂದು ಕಟ್ಟನ್ನು ಎದೆಗವಚಿಕೊಂಡೇ ಬಿದ್ದೆ. ಕೈ ಬಿಟ್ಟಿದ್ದರೆ ಏಣಿಯನ್ನು ಹಿಡಿಯಬಹುದಿತ್ತು. ಹಿಮ್ಮಡಿಯ ಗಂಟು ಮುರಿಯಿತು. ರಿಕ್ಷಾದಲ್ಲಿ ಕೂರಿಸುವಾಗ ಸಾಹುಕಾರರು ಬಗ್ಗಿ ಮೆಲ್ಲಗೆ ಹೇಳಿದರು. ಅವರ ಮನೆಯವರು ಮೂಲತಃ ಹುಬ್ಬಳ್ಳಿ ಕಡೆಯವರು, ಮಾತೂ ಹಾಗೇ.

"ಮಾದೇವಕ್ಕ, ಆಸ್ಪತ್ರ್ಯಾಗ ಬಚ್ಚಲದಾಗ ಜಾರಿದೆ ಅಂತ ಹೇಳ್ರಿ. ಅಂಗಡಿ ಹೆಸರು ಬಂದ್ರ ನೂರೆಂಟು ಕಾಗದ. ನಿಮ್ಮ ಕೆಲಸ ಎಲ್ಲಿಗೂ ಹೋಗೂದಿಲ್ಲ."

ಹಾಗೇ ಹೇಳಿದೆ. ಎರಡು ತಿಂಗಳು ಮನೆಯಲ್ಲಿ ಬಿದ್ದಿದ್ದೆ. ಮಾತಿನಂತೆ ಕೆಲಸ ಉಳಿಯಿತು. ಮರಳಿ ಬಂದಾಗ ಏಣಿಗೆ ಹೊಸ ಸುತಳಿ ಸುತ್ತಿದ್ದರು. ಕಾಲು ಮಾತ್ರ ಸೊಟ್ಟಗೆ ಕೂಡಿತು. ಆಗ ನನಗೆ ಸಿಟ್ಟು ಬರಲಿಲ್ಲ. ನಾನು ನಂಬಿಕಸ್ಥೆ, ಅಂಗಡಿಯ ಮರ್ಯಾದೆ ಉಳಿಸಿದವಳು ಎಂದು ಒಳಗೊಳಗೇ ಹಿಗ್ಗಿದೆ. ಆ ಹಿಗ್ಗಿನಿಂದಲೇ ಕೆಟ್ಟೆ.

ಏಣಿಯಿಂದ ಬೀಳುವುದು ಅಪರೂಪಕ್ಕೆ ಆಗುವಂಥದ್ದು. ಗಿರಾಕಿಯ ಕೈ ದಿನವೂ ಇರುವುದು. ಸೀರೆಯ ಅಂಚು ನೋಡುವ ನೆಪದಲ್ಲಿ ಬೆರಳು ಹಿಡಿಯುವವರು. ಬಣ್ಣ ಹಿಡಿಸಲಿಲ್ಲವೆಂದು ಬ್ಲೌಸ್ ಪೀಸನ್ನು ಮುಖಕ್ಕೆ ಎಸೆಯುವವರು. ಅಂಗಡಿಯಲ್ಲಿ ಪರ್ಸು ಕಾಣದಾದರೆ ಮೊದಲು ನಮ್ಮ ಜಡೆ ಹಿಡಿಯುವವರು. ಒಬ್ಬಳ ಪರ್ಸು ಅವಳದೇ ಚೀಲದ ತಳದಲ್ಲಿ ಸಿಕ್ಕಿತು, ಆಕೆ ಕೈಯಿಂದ ಜಡೆ ಬಿಟ್ಟು ಮುಂದಿನ ಸೀರೆ ತೋರಿಸು ಎಂದಳು. ಬೆಲೆ ಇಳಿಸಲಿಲ್ಲ ಎಂದು ಕೌಂಟರಿನ ಮೇಲಿದ್ದ ಕಬ್ಬಿಣದ ಮೀಟರು ಕೋಲು ಎತ್ತಿದವನೂ ಇದ್ದ. ಆ ಕೋಲನ್ನು ಅಲ್ಲಿಂದ ತೆಗೆಯಬೇಕೆಂದು ಆಗಲೂ ನಮಗೆ ಹೊಳೆಯಲಿಲ್ಲ. ಕೋಲು ಇರುವುದೇ ಅಲ್ಲಿ ಅಂದುಕೊಂಡಿದ್ದೆವು.

ಹೊಸ ಹುಡುಗಿಯರು ಬಂದರೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂತು. ನಾನು ಅವರಿಗೆ ನಗುವುದನ್ನು ಕಲಿಸಿದೆ. ಬೈದರೆ ನಗು, ಎಸೆದರೆ ಹೆಕ್ಕಿಕೊಂಡು ನಗು, ಕೈ ಹಿಡಿದರೆ ನಕ್ಕು ನಡುವೆ ಒಂದು ಥಾನು ಇಡು. ಒಬ್ಬಳು ಅತ್ತರೆ, ನಾಟಕ ಮಾಡಬೇಡ ಎಂದು ಗದರಿಸುತ್ತಿದ್ದೆ. ನಾನು ಇಷ್ಟು ತಿಂದಿದ್ದೇನೆ, ನೀನೂ ಸ್ವಲ್ಪ ತಿನ್ನು ಎಂಬ ಹೊಟ್ಟೆಕಿಚ್ಚು ಅದರಲ್ಲಿತ್ತು. ಇದನ್ನು ಇಷ್ಟು ದಿನ ಕಟ್ಟುನಿಟ್ಟು ಎಂದು ಕರೆಯುತ್ತಿದ್ದೆ. ಕಟ್ಟುನಿಟ್ಟು ಅಲ್ಲ.

ನೇತ್ರಾ ಸೇರಿದಾಗ ಹತ್ತೊಂಬತ್ತು ವರ್ಷ. ಚಂದಗುಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ಇರಲಿಲ್ಲ, ತಾಯಿ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಹಾಡು ಗುನುಗುವ ಹುಡುಗಿ. ಸೀರೆ ಬಿಚ್ಚುವಾಗಲೂ ಗುನುಗುತ್ತಿದ್ದಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದಳು, ಒಂದು ಕೂದಲೆಳೆ ಆಚೀಚೆ ಇಲ್ಲ. ಅವಳ ಮೇಲೆ ನನಗೆ ಪ್ರೀತಿಯಿತ್ತು ಎಂದು ಬರೆದರೆ ಈಗ ನಂಬುವವರು ಯಾರು. ಆದರೂ ಇತ್ತು.

ನಮ್ಮ ಅಂಗಡಿಯಲ್ಲಿ ಬೋಣಿಯ ಕಟ್ಟುಪಾಡು ಬಹಳ. ಬೆಳಿಗ್ಗೆ ಮೊದಲ ಗಿರಾಕಿ ಏನಾದರೊಂದು ಕೊಂಡೇ ಹೋಗಬೇಕು, ಒಂದು ಕರವಸ್ತ್ರವಾದರೂ ಸರಿ. ಅದು ಎಲ್ಲ ಅಂಗಡಿಗಳಲ್ಲೂ ಇದ್ದದ್ದೇ. ನಮ್ಮಲ್ಲಿ ಇನ್ನೊಂದಿತ್ತು. ಬೋಣಿಯಾಗುವ ಮೊದಲು ವಾಪಸ್ಸು ಕೊಡಲು ತಂದ ಬಟ್ಟೆ ಹೊಸ್ತಿಲು ದಾಟಬಾರದು. ದಾಟಿದರೆ ಆ ದಿನವೆಲ್ಲ ಮಾರಿದ್ದು ಮರಳಿ ಬರುತ್ತದೆ ಎಂದು ಸಾಹುಕಾರರ ನಂಬಿಕೆ. ತುಂಬಿದ ಚೀಲ ಹಿಡಿದು ಯಾರಾದರೂ ಬೆಳಿಗ್ಗೆ ಬಂದರೆ ಅವರನ್ನು ಹೊರಗೇ ನಿಲ್ಲಿಸಬೇಕು. ಸಾಹುಕಾರರು ತಾವು ಎದ್ದು ಬಂದು ನಿಲ್ಲಿಸುತ್ತಿರಲಿಲ್ಲ. ಅದು ನಮ್ಮ ಕೆಲಸ. ಬಾಗಿಲಲ್ಲಿ ನಿಂತು, ಕೈ ಅಡ್ಡ ಹಿಡಿದು, ಸ್ವಲ್ಪ ನಿಲ್ಲಿ ಎನ್ನುವುದು. ನಿಯಮ ಅವರದು, ಎದುರು ನಿಲ್ಲುವುದು ನಾವು. ಗಿರಾಕಿಗೆ ಕಾಣುವುದು ಅಡ್ಡ ಹಿಡಿದ ಕೈ ಮಾತ್ರ.

ನವರಾತ್ರಿಗೆ ಎಂಟು ದಿನ ಇತ್ತು. ಬಾಗಿಲು ತೆಗೆದು ಹೊಸ್ತಿಲಿಗೆ ನೀರು ಚಿಮುಕಿಸಿ ಆಗಿತ್ತು. ಸಾಹುಕಾರರು ಒಳಗೋಡೆಯ ದೇವರ ಪಟಕ್ಕೆ ಹೂವು ಸಿಕ್ಕಿಸುತ್ತಿದ್ದರು. ನಾನು ಕೌಂಟರು ಒರೆಸುತ್ತ ರಸ್ತೆ ನೋಡಿದೆ. ಆಚೆ ಬದಿಗೆ ಜೀಪು ನಿಲ್ಲಿಸಿ ಒಬ್ಬ ಮನುಷ್ಯ ಇಳಿದ. ಕೈಯಲ್ಲಿ ನಮ್ಮ ಅಂಗಡಿಯ ಚೀಲ.

ಅವನ ಗುರುತು ನನಗೆ ಚೆನ್ನಾಗಿತ್ತು. ದೊಡ್ಡ ಮನೆತನದವ, ಅವರ ಮನೆಯ ಮದುವೆಗಳ ಜವಳಿಯೆಲ್ಲ ನಮ್ಮಲ್ಲೇ. ಹಿಂದಿನ ವರ್ಷ ಶಾಲಿನ ಅಂಚು ಬಣ್ಣ ಬಿಟ್ಟಿತೆಂದು ನನ್ನ ಮಣಿಕಟ್ಟು ಹಿಡಿದು ತಿರುಚಿದ್ದ. ಬಳೆ ಒಡೆದು ಚರ್ಮಕ್ಕೆ ಹೊಕ್ಕಿತ್ತು. ಸಾಹುಕಾರರು ನನಗೆ ಹೊಸ ಬಳೆ ಕೊಡಿಸಿ ಮುಗಿಸಿದ್ದರು. ಅವನ ಕೈ ಏನು ಮಾಡುತ್ತದೆ ಎಂದು ಆ ಅಂಗಡಿಯಲ್ಲಿ ನನ್ನಷ್ಟು ತಿಳಿದವರು ಬೇರೆ ಇರಲಿಲ್ಲ.

"ನೇತ್ರಾ, ಆ ಮನುಷ್ಯ ಬಂದ ನೋಡು. ಬೋಣಿ ಆಗೂ ತನಕ ಹೊರಗೇ ನಿಲ್ಸು. ನಾ ಒಳಗಿಂದ ಬ್ಲೌಸ್ ಪೀಸ್ ತರ್ತೆ" ಎಂದೆ.

ಬ್ಲೌಸ್ ಪೀಸು ಯಾರೂ ಕೇಳಿರಲಿಲ್ಲ. ನಾನು ಪರದೆ ಸರಿಸಿ ಗೋದಾಮಿಗೆ ಹೋಗಿ ನಿಂತೆ. ಪರದೆಯ ಸಂದಿನಿಂದ ನೋಡಿದೆ.

ನೇತ್ರಾ ನಾನು ಕಲಿಸಿದ ಹಾಗೇ ಬಾಗಿಲಲ್ಲಿ ನಿಂತು ಕೈ ಅಡ್ಡ ಹಿಡಿದಳು. ನಕ್ಕಳು. ಐದು ನಿಮಿಷ ಹೊರಗೆ ನಿಲ್ಲಬೇಕು, ಒಂದು ಬೋಣಿಯಾಗಲಿ ಎಂದಳು. ಅವನು ಚೀಲವನ್ನು ಎಡಗೈಗೆ ಬದಲಾಯಿಸಿದ. ಅದನ್ನು ನೋಡಿದಾಗಲೇ ನನಗೆ ಗೊತ್ತಾಯಿತು. ಕೂಗಬಹುದಿತ್ತು. ಹೆಸರು ಹಿಡಿದು ಕರೆದರೆ ಅವಳು ತಿರುಗುತ್ತಿದ್ದಳು.

"ನಾ ಕಾಲಿಟ್ರೆ ನಿಮ್ಮ ಬೋಣಿ ಕೆಡ್ತದೇನೆ?" ಎಂದ ಅವನು. ದನಿ ಏರಿಸಿ ಹೇಳಲಿಲ್ಲ. ಹೇಳಿ ಬಲಗೈ ಬೀಸಿ ಅವಳ ಎಡಗಿವಿಗೆ ಹೊಡೆದ.

ಅವಳು ಪಕ್ಕಕ್ಕೆ ಹೋಗಿ ಬಿದ್ದಳು. ಬೀಳುವಾಗ ಹಣೆ ಕೌಂಟರಿನ ಮೂಲೆಗೆ ತಾಗಿತು. ರಕ್ತ ಬಂತು.

ಮುಂದಿನದು ಬರೆಯಲು ನನಗೆ ಮೂರು ದಿನ ಬೇಕಾಯಿತು. ಸಾಹುಕಾರರು ಓಡಿ ಬಂದರು. ಬಂದವರು ಮೊದಲು ಆ ಮನುಷ್ಯನಿಗೆ ಕೈ ಮುಗಿದರು. ಒಳಗೆ ಬರ್ರಿ, ಕೂಡ್ರಿ, ಹುಡುಗಿ ಹೊಸಾಕಿ ಎಂದರು. ಆಮೇಲೆ ನನ್ನನ್ನು ಕರೆದರು. ನಾನು ಬ್ಲೌಸ್ ಪೀಸಿನ ಕಟ್ಟು ಹಿಡಿದೇ ಹೊರಗೆ ಬಂದೆ, ಈಗಷ್ಟೇ ಬಂದವಳ ಹಾಗೆ. ನೇತ್ರಾಳನ್ನು ಎಬ್ಬಿಸಿ ಗೋದಾಮಿನಲ್ಲಿ ಕೂರಿಸಿ ಒಂದು ತುಂಡು ಬಟ್ಟೆ ಹಣೆಗೆ ಒತ್ತಿಕೋ ಎಂದು ಕೊಟ್ಟೆ. ನಂತರ ಹೊರಗೆ ಬಂದು ಗಾದಿಯ ಬದಿಗೆ ನಿಂತು ಅವನಿಗೆ ಸೀರೆ ತೋರಿಸಿದೆ. ಹೊಸ್ತಿಲು ದಾಟಿದ ಚೀಲದ ದೋಷ ಹೋಗಬೇಕಾದರೆ ಅವನೇ ಏನಾದರೂ ಕೊಳ್ಳಬೇಕಿತ್ತು. ಬಿಳಿ ಬಟ್ಟೆಯ ಅಂಚಿಗೆ ಎರಡು ಹನಿ ರಕ್ತ ಸಿಡಿದಿತ್ತು, ಅದರ ಮೇಲೆ ಒಂದು ಸೀರೆ ಹರಡಿದೆ. ನಗುತ್ತಲೇ ಇದ್ದೆ. ಮುಕ್ಕಾಲು ಗಂಟೆಯ ಮೇಲೆ ಅವನು ಒಂದು ಸೀರೆ ತೆಗೆದುಕೊಂಡ. ಬೋಣಿಯಾಯಿತು. ಸಾಹುಕಾರರು ದೇವರ ಪಟದ ಕಡೆ ನೋಡಿ ಕಣ್ಣು ಮುಚ್ಚಿಕೊಂಡರು.

ಆಸ್ಪತ್ರೆಗೆ ಹೋದದ್ದು ಅದಾದ ಮೇಲೆ. ದಾರಿಯಲ್ಲಿ ನಾನೇ ಅವಳಿಗೆ ಹೇಳಿಕೊಟ್ಟೆ, ಏಣಿಯಿಂದ ಬಿದ್ದೆ ಎಂದು ಹೇಳು. ಸಾಹುಕಾರರು ಹೇಳುವ ಮೊದಲೇ ನಾನು ಹೇಳಿದೆ, ಅವರಿಗೆ ಆ ಮಾತು ಆಡುವ ಕಷ್ಟವನ್ನೂ ಕೊಡಲಿಲ್ಲ. ನನ್ನ ಕಾಲು ಮುರಿದಾಗ ಏಣಿಯನ್ನು ಬಚ್ಚಿಟ್ಟೆ. ಈಗ ಬೇಕೆಂದಾಗ ಅದೇ ಏಣಿಯನ್ನು ಹೊರಗೆ ತೆಗೆದೆ. ನೇತ್ರಾ, ಕಿವಿಯಲ್ಲಿ ಗುಂಯ್ ಅನ್ನುತ್ತಿದೆ ಎಂದಳು. ಸರಿಹೋಗುತ್ತದೆ ಎಂದೆ.

ಅವಳ ಎಡಗೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಒಳಗೆ ಹೋಗುವ ಮೊದಲು ಅವಳ ವೇಲನ್ನು ಎಳೆದು ತಲೆಯಿಂದ ಕೆನ್ನೆ ಮುಚ್ಚುವ ಹಾಗೆ ಹೊದೆಸಿದೆ. ಸೀರೆ ಉಡಿಸಿ ತೋರಿಸಿ ರೂಢಿಯಿದ್ದ ಕೈ, ನಿರಿಗೆ ಸರಿಯಾಗಿ ಕೂತಿತು.

ಡಾಕ್ಟರಮ್ಮ ಒಳ್ಳೆಯವರು. ಹೇಗಾಯಿತು ಎಂದು ಅವಳನ್ನೇ ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು, ಏಣಿಯಿಂದ ಬಿದ್ದಳು, ನಾನು ಕಣ್ಣಾರೆ ಕಂಡೆ ಎಂದೆ. ಯಾರಾದರೂ ಹೊಡೆದರೇ ಎಂದು ಅವರು ಮತ್ತೊಮ್ಮೆ ಕೇಳಿದರು. ಅಯ್ಯೋ, ಅಂಗಡಿಯಲ್ಲಿ ಯಾರು ಹೊಡೆಯುತ್ತಾರೆ ಎಂದು ನಾನು ನಕ್ಕೆ. ಅವರು ಏಣಿಯೆಂದು ಬರೆದುಕೊಂಡರು. ಎತ್ತರದಿಂದ ಬಿದ್ದವಳು ಎಂದ ಮೇಲೆ ಬೆನ್ನು ಒತ್ತಿ ನೋಡಿದರು, ಸೊಂಟ ನೋಡಿದರು, ಹಣೆಗೆ ಹೊಲಿಗೆ ಹಾಕಿದರು. ಕಿವಿಗೆ ಪೆಟ್ಟು ಬಿದ್ದಿದೆ ಎಂದು ಅವರಿಗೆ ಹೇಳಿದವರೇ ಇಲ್ಲ. ಕರೆದುಕೊಂಡು ಬಂದವರು ಎಂದು ಕಾಗದಕ್ಕೆ ನನ್ನ ಸಹಿ ಹಾಕಿಸಿಕೊಂಡರು. ಐದು ವರ್ಷ ಶಾಲೆಗೆ ಹೋಗಿ ಕಲಿತ ಅಕ್ಷರ ಅಲ್ಲಿ ಉಪಯೋಗಕ್ಕೆ ಬಂತು.

ಎಂಟನೆಯ ದಿನ ನೇತ್ರಾ ಮತ್ತು ಅವಳ ತಾಯಿ ನನ್ನ ಮನೆಗೆ ಬಂದರು. ಅಂಗಡಿಗೆ ಬರಲಿಲ್ಲ, ಮನೆಗೇ ಬಂದರು. ಕಿವಿಯಿಂದ ಕೀವು ಸೋರುತ್ತಿತ್ತು. ನೇತ್ರಾ ಹತ್ತಿ ಇಟ್ಟುಕೊಂಡಿದ್ದಳು. ನಾನು ಕೂರು ಎಂದರೂ ತಾಯಿ ಕೂರಲಿಲ್ಲ, ನಿಂತೇ ಹೇಳಿದಳು.

"ನಾವು ಠಾಣೆಗೆ ಹೋಗ್ತೇವೆ ಮಾದೇವಕ್ಕ. ನೀವು ಎಂತದೂ ಮಾಡೂದು ಬ್ಯಾಡ. ಏಣಿ ಅಲ್ಲ ಅಂತ ಒಂದು ಮಾತು ಹೇಳಿ ಸಾಕು."

ನಾನು ಕಂಡಿಲ್ಲ, ಒಳಗಿದ್ದೆ ಎಂದೆ. ಹಾಗಾದರೆ ಏಣಿಯಿಂದ ಬಿದ್ದದ್ದು ಕಣ್ಣಾರೆ ಕಂಡೆ ಎಂದು ಸಹಿ ಹಾಕಿದ್ದು ಹೇಗೆ ಎಂದು ಆ ತಾಯಿ ಕೇಳಿದಳು. ಒಲೆಯ ಮೇಲೆ ಹಾಲು ಇಟ್ಟಿದ್ದೇನೆ ಎಂದು ಒಳಗೆ ಹೋದೆ. ಹಾಲು ಇಟ್ಟಿರಲಿಲ್ಲ. ಹೊರಗೆ ಬಂದಾಗ ಅವರು ಹೋಗಿದ್ದರು. ನನ್ನ ಒಂದು ಮಾತಿಲ್ಲದೆ ಅವರು ಠಾಣೆಯ ಮೆಟ್ಟಿಲು ಹತ್ತಲಿಲ್ಲ. ಕಾಗದದಲ್ಲಿ ಏಣಿ ಎಂದಿರುವಾಗ ಹತ್ತಿ ಏನು ಹೇಳುವುದು.

ನೇತ್ರಾ ಮತ್ತೆ ಕೆಲಸಕ್ಕೆ ಬರಲಿಲ್ಲ. ತಿಂಗಳ ಮೇಲೆ ಹುಬ್ಬಳ್ಳಿಯ ಕಿವಿ ಡಾಕ್ಟರ ಹತ್ತಿರ ಹೋದರಂತೆ. ಒಳಗಿನ ಪರೆ ಹರಿದಿತ್ತು, ಕೀವು ಇನ್ನೂ ಒಳಕ್ಕೆ ಇಳಿದಿತ್ತು, ಮೊದಲ ವಾರದಲ್ಲೇ ಬಂದಿದ್ದರೆ ಉಳಿಯುತ್ತಿತ್ತೇನೋ ಎಂದರಂತೆ. ಈ ಸುದ್ದಿ ನನಗೆ ತಿಳಿಸಿದವರು ಬೇರೆಯವರು. ನಾನಾಗಿ ಕೇಳಲು ಹೋಗಿರಲಿಲ್ಲ. ನೇತ್ರಾಳ ಜಾಗಕ್ಕೆ ಇನ್ನೊಬ್ಬಳು ಬಂದಳು. ಅವಳಿಗೂ ನಾನೇ ಬೋಣಿಯ ಕಟ್ಟು ಹೇಳಿಕೊಟ್ಟೆ. ಆ ಮನುಷ್ಯ ಮರುವರ್ಷ ತಂಗಿಯ ಮದುವೆ ಜವಳಿಗೆ ಬಂದ. ತೋರಿಸಿದೆ. ಆರನೆಯ ಸೀರೆ ಒಳ್ಳೆಯದನ್ನೇ ತೆಗೆದೆ.

ಅಂಗಡಿ ಬದಲಾಯಿತು. ಗಾದಿ ಹೋಗಿ ಮೇಜು ಬಂತು, ಥಾನು ಹೋಗಿ ಹೊಲಿದ ಬಟ್ಟೆ ಬಂತು, ಏಣಿ ಹೋಗಿ ಕಬ್ಬಿಣದ ಸ್ಟೂಲು ಬಂತು. ಕ್ಯಾಮೆರಾ ಬಂತು. ಕ್ಯಾಮೆರಾ ಇದ್ದರೆ ಹೆದರಿಕೆಯಿಲ್ಲ ಎಂದು ರಕ್ಷಿತಾ ಹೇಳುತ್ತಾಳೆ. ಈಚೆಗೊಂದು ದಿನ ಅವಳ ಅಂಗಡಿಗೆ ಹೋಗಿ ನೋಡಿದೆ. ನಾಲ್ಕು ಕ್ಯಾಮೆರಾದಲ್ಲಿ ಮೂರು ಹುಡುಗಿಯರ ಕೈಯನ್ನು ನೋಡುತ್ತವೆ, ಒಂದು ಹಣದ ಗಲ್ಲೆಯನ್ನು ನೋಡುತ್ತದೆ. ಗಿರಾಕಿಯ ಕೈಯನ್ನು ನೋಡುವುದು ಒಂದೂ ಇಲ್ಲ. ಕೂರಲು ಸ್ಟೂಲು ಎಲ್ಲಿ ಎಂದು ಕೇಳಿದೆ. ಇಲ್ಲವಂತೆ. ಬಟ್ಟೆ ಬದಲಾಯಿಸಲು ಬಂದವರಿಗೆ ಆಗುವುದಿಲ್ಲ ಎಂದು ಹೇಳುವವರು ಯಾರು ಎಂದು ಕೇಳಿದೆ. ನಾವೇ ಅಜ್ಜಿ ಎಂದಳು.

ಅದನ್ನು ಕೇಳಿದ ಮರುದಿನ ಚಂದಗುಳಿಯ ಬಸ್ಸು ಹತ್ತಿದೆ.

ಗಂಟೆಗಣಪನ ಗುಡಿಗೆ ಹೋಗುವ ದಾರಿಯಲ್ಲೇ ನೇತ್ರಾಳ ಮನೆ. ಜಗಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಎದುರು ಗೋಡೆಗೆ ಒಂದು ಕನ್ನಡಿ, ಬ್ಲೌಸು ಹಾಕಿ ನೋಡುವವರಿಗೆ. ತಲೆಯಲ್ಲಿ ನಾಲ್ಕು ಬಿಳಿ ಕೂದಲು. ನನ್ನನ್ನು ಕಂಡು ಬರ್ರಿ ಎಂದಳು, ಅಷ್ಟೇ. ಯಂತ್ರ ತುಳಿಯುವುದು ನಿಲ್ಲಿಸಲಿಲ್ಲ. ಗುನುಗುತ್ತಿರಲಿಲ್ಲ.

ನಾನು ಒಂದು ಮಣೆ ಎಳೆದುಕೊಂಡು ಪಕ್ಕದಲ್ಲಿ ಕುಳಿತೆ. ಬಸ್ಸಿನಲ್ಲಿ ಬರುವಾಗ ಕಟ್ಟಿಕೊಂಡಿದ್ದ ಮಾತನ್ನೆಲ್ಲ ಹೇಳಿದೆ. ತಪ್ಪಾಯಿತು ಎಂದೆ. ಯಂತ್ರದ ಸದ್ದಿನಲ್ಲೇ ಹೇಳಿ ಮುಗಿಸಿದೆ. ಅವಳು ಒಂದು ತೋಳು ಹೊಲಿದು ಮುಗಿಸಿ ಯಂತ್ರ ನಿಲ್ಲಿಸಿದಳು. ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಮಾದೇವಕ್ಕ, ಬಾಯಿ ಆಡೂದು ಕಾಣ್ತದೆ. ಆ ಬದೀಂದ ಹೇಳಿದ್ರೆ ನಂಗೆ ಕೇಳೂದಿಲ್ಲ. ನಿಮ್ಗೆ ಗೊತ್ತಲ್ಲ."

ಗೊತ್ತಿತ್ತು. ಗೊತ್ತಿದ್ದೇ ನಾನು ಎಡಬದಿಗೆ ಕುಳಿತಿದ್ದೆ.

ಎದ್ದು, ಯಂತ್ರ ಸುತ್ತಿ, ಬಲಬದಿಗೆ ಬಂದು ನಿಂತೆ. ಮತ್ತೆ ಹೇಳಿದೆ. ಈ ಸಲ ಕಟ್ಟಿಕೊಂಡ ಮಾತು ಒಂದೂ ಬರಲಿಲ್ಲ. ಅವನ ಕೈ ಗೊತ್ತಿದ್ದೇ ನಿನ್ನನ್ನು ಮುಂದೆ ಬಿಟ್ಟೆ, ಪರದೆಯ ಹಿಂದೆ ನಿಂತು ನೋಡಿದೆ ಎಂದೆ.

"ಗೊತ್ತು" ಎಂದಳು. "ಬೀಳೂವಾಗ ಅಂಗಡಿ ಕನ್ನಡೀಲಿ ನಿಮ್ಮ ಮುಖ ಕಂಡಿದ್ದೆ. ಅದ್ಕೇ ಅವತ್ತು ಅಮ್ಮನ್ನ ನಿಮ್ಮ ಮನೆಗೇ ಕರ್ಕೊಂಡು ಬಂದದ್ದು. ಕಂಡವ್ರು ನೀವೊಬ್ರೇ ಅಂತ."

ಇಷ್ಟು ವರ್ಷ ನಾನು ಯಾರೂ ಕಂಡಿಲ್ಲ ಎಂದುಕೊಂಡು ಬದುಕಿದ್ದೆ. ನಾನು ನಿಂತೇ ಇದ್ದೆ. ಅವಳು ದಾರ ಕಚ್ಚಿ ಹರಿದು ಸೂಜಿಗೆ ಹೊಸದು ಪೋಣಿಸಿದಳು. ನನ್ನ ಕಣ್ಣಿಗೆ ಆ ಸೂಜಿ ಕಾಣುವುದೂ ಇಲ್ಲ.

"ಈಗ ನಂಗೆ ಹೇಳಿ ಎಂತ ಮಾಡ್ತ್ರಿ ಅಕ್ಕ? ನಂಗೆ ಗೊತ್ತಿರೂದೇ. ಗೊತ್ತಿಲ್ದವ್ರಿಗೆ ಹೇಳಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ. ಚಾ ಕೊಟ್ಟಳು, ಕುಡಿದು ಬಸ್ಸಿಗೆ ಬಂದೆ.

ಆ ಸಂಜೆಯೇ ರಕ್ಷಿತಾಳನ್ನೂ ಆ ಇಬ್ಬರು ಹುಡುಗಿಯರನ್ನೂ ಕರೆದು ಕೂರಿಸಿ ಎಲ್ಲ ಹೇಳಿದೆ. ರಕ್ಷಿತಾ ನನ್ನ ಮುಖ ನೋಡಲಿಲ್ಲ, ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬರೆಯುವ ಪುಸ್ತಕ ತಂದು ಮುಂದೆ ಇಟ್ಟಳು.

ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಕೋಪದ ಗಿರಾಕಿಯ ಎದುರು ಒಬ್ಬಳೇ ನಿಲ್ಲಬೇಡಿ, ಇಬ್ಬರು ನಿಲ್ಲಿ, ನಡುವೆ ಮೇಜು ಇರಲಿ. ಆಗುವುದಿಲ್ಲ ಎನ್ನುವ ಮಾತನ್ನು ನಿಯಮ ಮಾಡಿದವರೇ ಬಂದು ಹೇಳಲಿ ಎಂದು ಮೊದಲ ದಿನವೇ ಕೇಳಿ. ಭಾರದ್ದೇನಾದರೂ ಕೈಗೆ ಸಿಗುವ ಹಾಗೆ ಮೇಜಿನ ಮೇಲೆ ಬಿಡಬೇಡಿ. ಮುರಿದ ಮೆಟ್ಟಿಲು ಹತ್ತಬೇಡಿ. ಹತ್ತಿ ಬಿದ್ದರೆ ಕೈಯಲ್ಲಿರುವ ಬಟ್ಟೆ ಬಿಟ್ಟುಬಿಡಿ. ಪೆಟ್ಟು ಬಿದ್ದರೆ ಡಾಕ್ಟರಿಗೆ ಮೊದಲು ನಿಜ ಹೇಳಿ, ಅಲ್ಲಿ ಮೊದಲು ಬರೆದದ್ದೇ ಉಳಿಯುತ್ತದೆ. ಜೊತೆಗೆ ಬಂದ ಹಿರಿಯಳು ನಿಮ್ಮ ಪರವಾಗಿ ಉತ್ತರ ಕೊಡುತ್ತಿದ್ದರೆ ಅವಳನ್ನು ಹೊರಗೆ ಕಳಿಸಿ ಎಂದು ಕೇಳಿ. ಅವಳು ನನ್ನಂಥವಳಿರಬಹುದು.

ಆಸ್ಪತ್ರೆಯ ಆ ಕಾಗದ ಈಗ ಎಲ್ಲಿದೆಯೋ, ಇದೆಯೋ ಇಲ್ಲವೋ ನನಗೆ ತಿಳಿಯದು. ಅದರಲ್ಲಿ ಬರೆಯಬೇಕಾಗಿದ್ದದ್ದನ್ನು ಇಲ್ಲಿ ಬರೆದು ಅದೇ ಸಹಿ ಹಾಕುತ್ತಿದ್ದೇನೆ. ನೇತ್ರಾಳನ್ನು ಬಾಗಿಲಿಗೆ ಕಳಿಸಿದವಳು ನಾನು. ಆ ಮನುಷ್ಯ ಬಲಗೈಯಿಂದ ಅವಳ ಎಡಗಿವಿಗೆ ಹೊಡೆದ. ಅವಳು ಅವನನ್ನು ಮುಟ್ಟಿರಲಿಲ್ಲ, ಬೈದಿರಲಿಲ್ಲ, ನಕ್ಕಿದ್ದಳು. ಪರದೆಯ ಹಿಂದೆ ನಿಂತು ನಾನು ಕಣ್ಣಾರೆ ಕಂಡೆ. ಏಣಿ ಗೋಡೆಗೆ ಒರಗಿಯೇ ಇತ್ತು. ಆ ದಿನ ಯಾರೂ ಅದನ್ನು ಹತ್ತಿರಲಿಲ್ಲ.